ಒಂದು ಗೇಣು ಬಲಕ್ಕೆ

ಅವತ್ತು ಕೆರೆಯ ನೀರು ಇಪ್ಪತ್ತೆರಡು ಡಿಗ್ರಿ ಇತ್ತು. ಸ್ಕೇಲಣ್ಣ ಎಂದಿನಂತೆ ನೀರೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ಮಂಡಿಯೂರಿ, ದಾರ ಕಟ್ಟಿದ ಥರ್ಮಾಮೀಟರನ್ನು ಮೊಳದುದ್ದ ಇಳಿಬಿಟ್ಟು, ಸಿಳ್ಳೆ ಹಾಕುತ್ತಾ ಕಾದ. ಮೇಲೆತ್ತಿ ನೋಡಿದ. ಬೋಟಿನ ಮನೆಯ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಮಂಜು ನೀರಿನ ಮೇಲೆ ಇನ್ನೂ ಹೊದ್ದುಕೊಂಡು ಮಲಗಿತ್ತು. ಆಚೆ ದಡ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಎರಡು ಲೋಟ ಚಹಾ ಹಿಡಿದು ಬಂದಳು.

"ಎಷ್ಟು?"

"ಇಪ್ಪತ್ತೆರಡು. ನಿನ್ನೆಗಿಂತ ಒಂದು ಕಮ್ಮಿ. ಟೈಲರ್ ಮಗಳಿಗೆ ಹೇಳ್ಬೇಕು, ಸ್ಕೀ ಅಡಿಯ ರೆಕ್ಕೆ ಒಂದು ಕೂದಲೆಳೆ ಸರಿಸ್ಕೊಳ್ಳಲಿ ಅಂತ."

"ಅವಳಿಗೆ ಗೊತ್ತು ಬಿಡ್ರಿ. ಒಂದು ಸಲನಾದ್ರೂ ಆ ಸ್ಕೀ ಮೇಲೆ ನಿಂತಿದೀರಾ ನೀವು?"

"ನಿಂತೋರನ್ನ ಎಳೆದಿದೀನಲ್ಲ. ನಿನ್ನನ್ನೂ ಮೂವತ್ತು ವರ್ಷದಿಂದ ಎಳೀತಾ ಇದೀನಿ."

"ಯಾರು ಯಾರನ್ನ ಎಳೀತಿದಾರೆ ಅಂತ ಆ ಕೆರೆಗೆ ಗೊತ್ತು."

ಅವನು ನಕ್ಕ. ಚಹಾ ಕುಡಿದರು. ಅಷ್ಟೇ. ವಿಶೇಷ ಏನೂ ಇರಲಿಲ್ಲ. ಅಂಥ ಬೆಳಗುಗಳು ಅವರಿಗೆ ಸಾವಿರಾರು ಆಗಿದ್ದವು.

ಸ್ಕೇಲಣ್ಣ ಅನ್ನೋದು ಅವನ ಹೆಸರಲ್ಲ. ಜನ ಇಟ್ಟದ್ದು. ಹರೆಯದಲ್ಲಿ ಅವನು ರಸ್ತೆ ರೋಲರ್ ಓಡಿಸುತ್ತಿದ್ದ. ಕೆರೆಗೆ ಬರುವ ರಸ್ತೆಗೆ ಡಾಂಬರು ಹಾಕಿದಾಗ ಅದರ ಅಂಚು ಸ್ಕೇಲಿಟ್ಟು ಗೆರೆ ಎಳೆದ ಹಾಗಿತ್ತು. ಕೆರೆಯ ವಾಟರ್ ಸ್ಕೀ ಕ್ಲಬ್ಬಿನ ಹಳೇ ಯಜಮಾನರು ಕಾರು ನಿಲ್ಲಿಸಿ, ಇಳಿದು, ಆ ಅಂಚನ್ನೇ ನೋಡುತ್ತಾ ನಿಂತರಂತೆ. "ಏನಪ್ಪಾ, ನೀರಿನ ಮೇಲೂ ಹೀಗೇ ಹೋಗ್ತೀಯಾ?" ಅಂತ ಕೇಳಿದರಂತೆ. ಗಂಟೆಗೆ ನಾಲ್ಕು ಕಿಲೋಮೀಟರು ಹೋಗುತ್ತಿದ್ದವನು ಅಲ್ಲಿಂದ ಐವತ್ತೈದಕ್ಕೆ ಬಂದ. ಈಜು ಮಾತ್ರ ಕೊನೆವರೆಗೂ ಕಲಿಯಲಿಲ್ಲ.

ವಾಟರ್ ಸ್ಕೀ ಆಟದಲ್ಲಿ ಬೋಟಿನ ಕೆಲಸ ಇಷ್ಟೇ. ಕೆರೆಯ ನಡುವೆ ತೇಲುವ ಚೆಂಡುಗಳ ಎರಡು ಸಾಲು, ನಡುವೆ ಓಣಿ. ಆ ಓಣಿಯಲ್ಲಿ ಬೋಟು ನೆಟ್ಟಗೆ ಹೋಗಬೇಕು. ಹಿಂದೆ ಹಗ್ಗ ಹಿಡಿದವರು ಸ್ಕೀ ಅನ್ನುವ ಒಂದೇ ಉದ್ದ ಹಲಗೆಯ ಮೇಲೆ ನಿಂತು, ಬಲಕ್ಕೊಂದು ಎಡಕ್ಕೊಂದು ದೂರದಲ್ಲಿರುವ ಆರು ಚೆಂಡುಗಳನ್ನು ಹೊರಗಿನಿಂದ ಸುತ್ತಿಕೊಂಡು ಬರಬೇಕು. ಆರೂ ಆದರೆ ಹಗ್ಗ ಗಿಡ್ಡ ಮಾಡುತ್ತಾರೆ. ಮತ್ತೆ ಆರು. ಮತ್ತೆ ಗಿಡ್ಡ. ಕೊನೆಕೊನೆಗೆ ಹಗ್ಗ ಚೆಂಡಿನವರೆಗೆ ಮುಟ್ಟುವುದೇ ಇಲ್ಲ. ಉಳಿದದ್ದನ್ನು ಮೈ ಚಾಚಿ, ತೋಳು ಚಾಚಿ ತುಂಬಬೇಕು. ಆಗ ಬೋಟು ಒಂದು ಗೇಣು ಆಚೀಚೆ ಸರಿದರೂ ಅದು ಪುಕ್ಕಟೆ ಕೊಟ್ಟ ಹಾಗೆ, ಇಲ್ಲವೇ ಕಸಿದ ಹಾಗೆ. ಹಗ್ಗ ಹಿಡಿದವರು ಪ್ರತಿ ಸಲ ಕತ್ತರಿಸಿಕೊಂಡು ಹೋಗುವಾಗ ಬೋಟನ್ನೇ ಪಕ್ಕಕ್ಕೆ ಜಗ್ಗುತ್ತಾರೆ. ಡ್ರೈವರು ಕೈಯಲ್ಲಿ ಅದನ್ನು ತಡೆದು ಹಿಡಿಯಬೇಕು. ಸ್ಕೇಲಣ್ಣ ಹಿಡಿಯುತ್ತಿದ್ದ. ಎಷ್ಟು ಸಲೀಸಾಗಿ ಅಂದರೆ, ಹಿಡಿಯುತ್ತಿದ್ದಾನೆ ಅಂತಲೇ ಕಾಣುತ್ತಿರಲಿಲ್ಲ.

ಅವನ ಬೆನ್ನ ಹಿಂದಿನ ಸೀಟು ಹೆಂಡತಿಯದು. ಆ ಸೀಟು ಹಿಂದಕ್ಕೆ ಮುಖ ಮಾಡಿರುತ್ತದೆ. ಚೆಂಡು ಎಣಿಸುವುದು ಅವಳ ಕೆಲಸ. ಶಾಲೆಗೆ ನಾಲ್ಕು ವರ್ಷ ಹೋಗಿದ್ದಳು, ಆರರವರೆಗೆ ಎಣಿಸಲು ಅಷ್ಟು ಸಾಕು ಅನ್ನುತ್ತಿದ್ದಳು. ಅವನು ಮುಂದೆ ನೋಡುತ್ತಿದ್ದ, ಅವಳು ಹಿಂದೆ. ಬರುವುದೆಲ್ಲ ಅವನಿಗೆ ಕಾಣುತ್ತಿತ್ತು, ಹೋಗುವುದೆಲ್ಲ ಅವಳಿಗೆ. ದಡ, ಮರ, ಬೋಟಿನ ಮನೆ, ಅದಕ್ಕಂಟಿದ ಅವರ ಮನೆ, ತಂತಿಯ ಮೇಲೆ ಒಣಹಾಕಿದ ಅವರದೇ ಬಟ್ಟೆ, ಎಲ್ಲ ಅವಳ ಕಣ್ಣೆದುರಿಗೆ ಸಣ್ಣದಾಗುತ್ತಾ ಕನಸಿನಲ್ಲಿ ಕರಗಿದ ಹಾಗೆ ಕರಗುತ್ತಿದ್ದವು. ನಡುವೆ ಬಿಳೀ ನೊರೆಯ ಗೆರೆ ಒಂದೇ, ಅವನು ಎಳೆದದ್ದು. ಅವನ ಬಲ ಅವಳಿಗೆ ಎಡ. ಮನೆಯಲ್ಲಿ ಡಬ್ಬಿ ಹುಡುಕುವಾಗಲೂ ಇದೇ ಜಗಳ. "ಎಡಗಡೆ ಇದೆ ನೋಡ್ರಿ." "ನಿನ್ನ ಎಡನಾ, ನನ್ನ ಎಡನಾ?" "ಡಬ್ಬಿ ಎಡ!"

ಆ ಮಧ್ಯಾಹ್ನ ಪಂದ್ಯ. ಟೈಲರ್ ಮಗಳು ಕೊನೆಯವಳು. ಒಂಬತ್ತು ವರ್ಷದವಳಿದ್ದಾಗ ಜೆಟ್ಟಿಗೆ ಬಂದು ಕೂತವಳು, ಈಗ ಇಪ್ಪತ್ನಾಲ್ಕು. ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಈ ಹುಡುಗಿ ಅವರ ಅಡುಗೆಮನೆಯಲ್ಲಿ ಒದ್ದೆ ಕಾಲಲ್ಲಿ ಓಡಾಡಿ ಬೆಳೆದಳು. ಆ ಗಿಡ್ಡ ಹಗ್ಗದಲ್ಲಿ ಅವಳು ಮೂರು ಚೆಂಡು ಸುತ್ತಿದರೆ ದೊಡ್ಡ ಪಂದ್ಯಕ್ಕೆ ಆಯ್ಕೆ. ಅದುವರೆಗೆ ಎರಡೂವರೆ ದಾಟಿರಲಿಲ್ಲ. ಚೆಂಡು ದಾಟಿಯೂ ನೊರೆಯ ಗೆರೆಗೆ ಮರಳದಿದ್ದರೆ ಅರ್ಧವೇ ಲೆಕ್ಕ.

ಒಂದು. ಎರಡು. ಹುಡುಗಿ ಬೋಟಿನ ಬಲಕ್ಕೆ, ಮೂರನೆಯದರ ಕಡೆ, ಬೆಂಕಿಕಡ್ಡಿ ಗೀರಿದ ಹಾಗೆ ಬಂದಳು. ಆಗ ನೊರೆಯ ಗೆರೆ ಬಾಗಿತು. ಮೂವತ್ತು ವರ್ಷ ನೆಟ್ಟಗಿದ್ದ ಗೆರೆ ಹೆಂಡತಿಯ ಕಣ್ಣೆದುರಿಗೆ ಒಂದು ಗೇಣು ಅವನ ಬಲಕ್ಕೆ ವಾಲಿತು. ಹುಡುಗಿ ಚೆಂಡು ಸುತ್ತಿ ನೊರೆಯ ಗೆರೆಗೆ ಮರಳಿದಳು. ಮುಂದಕ್ಕೆ ಜಾರಿ ಬಿದ್ದಳು. ದಡದಲ್ಲಿ ಚಪ್ಪಾಳೆ.

"ಮೂರು," ಅಂದಳು ಹೆಂಡತಿ.

ದಡದ ತೀರ್ಪುಗಾರರು ವಾಕಿಟಾಕಿಯಲ್ಲಿ ವಾಡಿಕೆಯಂತೆ ಕೇಳಿದರು: "ಬೋಟು ನೆಟ್ಟಗಿತ್ತಾ?"

"ನೆಟ್ಟಗಿತ್ತು."

ಸುಳ್ಳು. ಅವಳು ಅವತ್ತಿನವರೆಗೆ ಆ ಸೀಟಿನಲ್ಲಿ ಕೂತು ಸುಳ್ಳು ಹೇಳಿರಲಿಲ್ಲ. ಗಂಡನ ಮರ್ಯಾದೆ ಅಂತ ಹೇಳಿಬಿಟ್ಟಳು. ಹೇಳಿದ ಮೇಲೆ ಕೋಪ ಬಂತು. ಮಗಳಂಥವಳು ಗೆಲ್ಲಲಿ ಅಂತ ಬಾಗಿಸಿದನಲ್ಲ, ನನ್ನನ್ನೂ ಒಂದು ಮಾತು ಕೇಳದೆ ಅದರಲ್ಲಿ ಸೇರಿಸಿಕೊಂಡನಲ್ಲ ಅಂತ.

ಸಂಜೆ ಮುಖ ಊದಿಸಿಕೊಂಡೇ ಬಡಿಸಿದಳು. ತಟ್ಟೆಯನ್ನು ಕುಕ್ಕಿದಳು. ಅವನು ಕಿಟಕಿಯ ಹತ್ತಿರ ಕೂತು ಸಿಳ್ಳೆ ಹಾಕಲು ನೋಡಿದ. ಬರೀ ಗಾಳಿ ಬಂತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು.

"ಎಡಗೈ ಯಾಕೋ ಜೋಮು ಹಿಡಿದಿದೆ ಕಣೇ."

"ಬೋಟು ಬಾಗಿಸುವಾಗ ಜೋಮು ಇರಲಿಲ್ವಾ?"

"ಏನು ಬಾಗಿಸಿದೆ?"

"ನಿಮ್ಮ ತಲೆ."

ಅವನು ಎದ್ದು ಬಂದು ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಲಿಲ್ಲ. ಗೋಡೆಗೆ ತಿರುಗಿ ಮಲಗಿದಳು. ಬೋಟಿನಲ್ಲಿ ಕೂತ ಹಾಗೇ, ಬೆನ್ನಿಗೆ ಬೆನ್ನು.

ಬೆಳಿಗ್ಗೆ ಅವನು ಎದ್ದದ್ದು ಕೇಳಿಸಿತು. ಒಂದು ಚಪ್ಪಲಿ ನೆಲಕ್ಕೆ ಉಜ್ಜುತ್ತಾ ಹೋಯಿತು. ನನ್ನನ್ನು ಎಬ್ಬಿಸಲಿಕ್ಕೆ ಬೇಕಂತಲೇ ಸದ್ದು ಮಾಡುತ್ತಿದ್ದಾನೆ ಅಂತ ಅವಳು ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿದಳು. ಅರ್ಧ ನಿದ್ದೆಯಲ್ಲಿ ಸಿಳ್ಳೆಗೆ ಕಾದಳು. ಸಿಳ್ಳೆ ಬರಲಿಲ್ಲ. ಎದ್ದು ಚಹಾಕ್ಕಿಟ್ಟಳು. ಚಹಾ ಕುದಿಯುವವರೆಗೂ ಕೋಪ ಬಿಡಲಿಲ್ಲ. ಆಮೇಲೆ ಒಂದೇ ಲೋಟ ತೆಗೆದುಕೊಂಡು ಹೊರಗೆ ಬಂದಳು.

ಅವನು ಜೆಟ್ಟಿಯ ಮೇಲೆ ಪಕ್ಕಕ್ಕೆ ಬಿದ್ದಿದ್ದ. ದಾರ ಬಲಗೈ ಬೆರಳಿಗೆ ಸುತ್ತಿಕೊಂಡೇ ಇತ್ತು. ಥರ್ಮಾಮೀಟರು ನೀರಿನಲ್ಲಿತ್ತು.

ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ತೀರಿಹೋದ. ಡಾಕ್ಟರು ಚಿಕ್ಕವಯಸ್ಸಿನವರು, ಮೆಲ್ಲಗೆ ಕೇಳಿದರು. "ಅಮ್ಮಾ, ತಲೆಯ ರಕ್ತನಾಳ ಕಟ್ಟಿಕೊಂಡಿದೆ. ಇದು ನಿನ್ನೆಯೇ ಶುರುವಾಗಿರಬೇಕು. ಎಡಗೈ ಸೋಲ್ತಾ ಇತ್ತಾ? ಬಾಯಿ ವಾರೆ ಆಗಿತ್ತಾ?"

"ಕೈ ಜೋಮು ಅಂದರು," ಅಂದಳು. "ಬಾಯಿ ನಾನು ನೋಡಲಿಲ್ಲ."

ಅಷ್ಟು ಹೇಳಿದ ಮೇಲೆ ನೊರೆಯ ಗೆರೆ ಮತ್ತೆ ಕಣ್ಣಿಗೆ ಬಂತು. ಎಡಗೈ ಸಡಿಲ. ಬಲಗೈ ಒಂದೇ ಚಕ್ರ ಹಿಡಿದಿದೆ. ಬೋಟು ಬಲಕ್ಕೇ ಹೋಗಬೇಕು, ಇನ್ನೆಲ್ಲಿಗೆ ಹೋಗುತ್ತದೆ? ಕೆರೆಯ ದಡದಲ್ಲಿ ಅಷ್ಟು ಜನರಿದ್ದರು. ಅದನ್ನು ಕಂಡವಳು ಅವಳೊಬ್ಬಳೇ. ಕಂಡು ಮುಚ್ಚಿಟ್ಟಳು. ಬೋಟು ಬಾಗಿತು ಅಂತ ಅವತ್ತೇ ಕೂಗಿದ್ದರೆ ಯಾರಾದರೂ ಅವನ ಕೈ ಹಿಡಿದು ನೋಡುತ್ತಿದ್ದರು.

ಅದಾದ ಮೇಲೆ ದಿನವೂ ಒಂದೇ ಕನಸು. ಮಂಜಿನಲ್ಲಿ ಬೋಟು ಹೋಗುತ್ತಿದೆ, ಎಂಜಿನ್ನಿಗೆ ಸದ್ದಿಲ್ಲ. ಬೆನ್ನ ಹಿಂದೆ ಅವನಿದ್ದಾನೆ, ಮೈ ಬಿಸಿ ತಾಗುತ್ತಿದೆ. ತಿರುಗಿ ನೋಡಬೇಕು ಅಂದುಕೊಳ್ಳುತ್ತಾಳೆ. ಎಣಿಕೆ ತಪ್ಪುತ್ತದಲ್ಲ ಅಂತ ತಿರುಗುವುದಿಲ್ಲ.

ಆಯ್ಕೆಯ ಪಟ್ಟಿ ಕಳಿಸಲು ಇನ್ನೂ ನಾಲ್ಕು ದಿನ ಇತ್ತು. ಟೈಲರ್ ಮಗಳು ಬೋಟಿನ ಮನೆಯಲ್ಲಿ ಸ್ಕೀಯನ್ನು ತೊಡೆಯ ಮೇಲೆ ಮಗುಚಿಕೊಂಡು, ಅಡಿಯಲ್ಲಿರುವ ರೆಕ್ಕೆಯ ತಗಡಿನ ಸ್ಕ್ರೂ ಬಿಗಿಮಾಡುತ್ತಿದ್ದಳು. ಸ್ಕೇಲಣ್ಣನ ಹೆಂಡತಿ ಹೋಗಿ ಎದುರಿಗೆ ಕೂತಳು. ಸುತ್ತಿ ಬಳಸಿ ಮಾತಾಡಲು ಅವಳಿಗೆ ಬರುತ್ತಿರಲಿಲ್ಲ.

"ಅವತ್ತು ಬೋಟು ಬಾಗಿತು. ಮೂರನೇ ಚೆಂಡಿಗೆ. ನಾನು ಸುಳ್ಳು ಹೇಳಿದೆ."

ಹುಡುಗಿಯ ಕೈ ನಿಂತಿತು. ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ನನಗೂ ಗೊತ್ತಾಯ್ತು ಅಕ್ಕ. ಹಗ್ಗ ಒಂದು ಕ್ಷಣ ಮೆತ್ತಗಾಯ್ತು. ಸ್ಕೇಲಣ್ಣ ನನಗೆ ಕೊಟ್ರು ಅಂದ್ಕೊಂಡೆ. ಖುಷಿಯಾಯ್ತು. ಆಮೇಲೆ ಅವರ ಮುಖ ನೋಡೋಕಾಗದೆ ಹೇಳದೇ ಮನೆಗೆ ಹೋದೆ."

"ನೀನೂ ಹಾಗೇ ಅಂದ್ಕೊಂಡ್ಯಾ?"

"ನೀವು?"

"ನಾನು ಬೈದೆ ಕಣೇ. ಅವರ ಎಡಗೈ ಆಗಲೇ ಸೋತಿತ್ತು."

ಇಬ್ಬರೂ ಅತ್ತರು. ಅಳುವಾಗ ಹುಡುಗಿ ಸ್ಕೀಯನ್ನು ಎದೆಗೆ ಅವಚಿಕೊಂಡಿದ್ದಳು. ಆಮೇಲೆ ಅವಳೇ ಎದ್ದಳು. "ನಡೀರಿ ಅಕ್ಕ. ಹೇಳಿ ಬರೋಣ. ಇಲ್ಲಾಂದ್ರೆ ನಾವಿಬ್ಬರೂ ಅವರನ್ನ ಕಳ್ಳ ಮಾಡಿದ ಹಾಗೆ."

ಕ್ಲಬ್ಬಿನ ಕಾರ್ಯದರ್ಶಿ ಒಳ್ಳೆಯವರು. ಕನ್ನಡಕ ತೆಗೆದು ಒರೆಸಿದರು. "ಬಿಟ್ಟುಬಿಡಿ ಅಮ್ಮಾ. ಯಾರೂ ಕೇಳಿಲ್ಲ. ಸತ್ತವರ ಹೆಸರಿಗೆ ಯಾಕೆ ಮಸಿ?"

"ಮಸಿ ಬಳಿದವಳು ನಾನು. ಒರೆಸೋಕೆ ಬಂದಿದೀನಿ. ಬರೀರಿ."

ಅವರು ಬರೆದು ಓದಿದರು: ಮೂರನೇ ಚೆಂಡಿನಲ್ಲಿ ಚಾಲಕರು ಬೋಟನ್ನು ಬಲಕ್ಕೆ ತಂದರು.

"ತರಲಿಲ್ಲ. ಕೈಗೆ ಕಾಯಿಲೆ ಬಂದಿತ್ತು, ಅವರಿಗೇ ಗೊತ್ತಿರಲಿಲ್ಲ. ಹಾಗೆ ಬರೀರಿ. ಡಾಕ್ಟರ ಚೀಟಿ ಇದೆ. ನಾನು ಸುಳ್ಳು ಹೇಳಿದ್ದನ್ನೂ ಬರೀರಿ."

ಬರೆದರು. ಆ ಸುತ್ತು ರದ್ದಾಯಿತು. ಬೋಟಿನ ತಪ್ಪಾದ್ದರಿಂದ ಹುಡುಗಿಗೆ ಇನ್ನೊಂದು ಅವಕಾಶ, ಅದೇ ವೇಗ, ಅದೇ ಹಗ್ಗ. ಬೇರೆ ಕ್ಲಬ್ಬಿನ ಡ್ರೈವರು ಬಂದ. ಸಣಕಲು ಆಳು. ಬೋಟು ನೀರಿನಲ್ಲಿ ಮೊದಲಿನಷ್ಟೇ ಮುಳುಗಿ ಕೂರಬೇಕು, ಇಲ್ಲದಿದ್ದರೆ ಹಿಂದೆ ಏಳುವ ಅಲೆಯೇ ಬೇರೆಯಾಗುತ್ತದೆ.

"ನಿಮ್ಮ ತೂಕ ಎಷ್ಟಪ್ಪಾ?"

"ಅರವತ್ನಾಲ್ಕು."

"ನಮ್ಮವರು ಎಂಬತ್ತೊಂದು."

ಹದಿನೇಳು ಕಿಲೋ. ದಡದ ಮರಳನ್ನು ಅವಳೇ ಚೀಲಕ್ಕೆ ತುಂಬಿ, ತೂಗಿ, ಬಾಯಿ ಹೊಲಿದು, ಡ್ರೈವರ ಸೀಟಿನ ಪಕ್ಕ ಇಟ್ಟಳು. ಬೋಟು ಒಂದಿಷ್ಟು ತಗ್ಗಿತು. ಅವಳಿಗೆ ಗೊತ್ತಿದ್ದ ಮಟ್ಟಕ್ಕೆ ಬಂದು ನಿಂತಿತು. ತನ್ನ ಸೀಟಿಗೆ ಹತ್ತಿ, ಹಿಂದಕ್ಕೆ ಮುಖ ಮಾಡಿ ಕೂತಳು. ಬೋಟು ಹೊರಟಿತು. ದಡ ಸಣ್ಣದಾಯಿತು, ಮನೆ ಸಣ್ಣದಾಯಿತು. ತಂತಿಯ ಮೇಲೆ ಈಗ ಒಬ್ಬಳ ಬಟ್ಟೆ. ಎಂಜಿನ್ನಿನ ಸದ್ದು ದೂರದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಬೆನ್ನಿಗೆ ಯಾರದೋ ಬಿಸಿ ತಾಗುತ್ತಿತ್ತು. ಬಿಸಿಲಿಗೆ ಕಾದ ಮರಳಿನದೂ ಇರಬಹುದು.

ಒಂದು. ಎರಡು. ಗೆರೆ ನೆಟ್ಟಗಿತ್ತು. ಹುಡುಗಿ ಮೂರರ ಕಡೆ ಬಂದಳು, ಮೈ ಚಾಚಿದಳು, ತೋಳು ಚಾಚಿದಳು. ಚೆಂಡನ್ನು ದಾಟಿದಳು, ತಿರುಗಿ ನೊರೆಯ ಗೆರೆಗೆ ಬರಲಾಗಲಿಲ್ಲ. ಹಗ್ಗದ ಹಿಡಿ ಕೈಯಿಂದ ಹಾರಿತು.

ಬೋಟು ಸುತ್ತಿಕೊಂಡು ಅವಳ ಹತ್ತಿರ ಬಂತು. ನೀರಿನಲ್ಲಿ ತಲೆ ಒಂದೇ ಕಾಣುತ್ತಿತ್ತು.

"ಎಷ್ಟಕ್ಕಾ?"

"ಎರಡೂವರೆ."

"ಬೋಟು ನೆಟ್ಟಗಿತ್ತಾ?"

"ನೆಟ್ಟಗಿತ್ತು."

ಹುಡುಗಿ ಮುಖದ ಮೇಲಿನ ನೀರು ಒರೆಸಿಕೊಂಡಳು. ಅದರಲ್ಲಿ ಕಣ್ಣೀರು ಎಷ್ಟು, ಕೆರೆ ಎಷ್ಟು, ಯಾರಿಗೆ ಗೊತ್ತು. "ಹಾಗಾದ್ರೆ ನಂದು ಅಷ್ಟೇ ಈ ವರ್ಷ," ಅಂದಳು. ಆಮೇಲೆ, "ನಾಳೆ ನೀರು ಎಷ್ಟಿರುತ್ತೆ ಅಂತ ಯಾರು ಹೇಳ್ತಾರೆ ನನಗೆ? ರೆಕ್ಕೆ ಕೂರಿಸಬೇಕಲ್ಲ."

"ನಾನು," ಅಂದಳು ಅವಳು.

ಅವತ್ತಿನಿಂದ ಬೆಳಿಗ್ಗೆ ಅವಳೇ ಜೆಟ್ಟಿಗೆ ಹೋಗುತ್ತಾಳೆ. ಮಂಜಿನಲ್ಲಿ ಮಂಡಿಯೂರಿ, ಥರ್ಮಾಮೀಟರನ್ನು ಮೊಳದುದ್ದ ಇಳಿಬಿಡುತ್ತಾಳೆ. ಸಿಳ್ಳೆ ಬರುವುದಿಲ್ಲ, ಅದಕ್ಕೆ ಎಣಿಸುತ್ತಾಳೆ, ಆರರವರೆಗೆ, ಮತ್ತೆ ಆರರವರೆಗೆ, ಹತ್ತು ಸಲ. ಎತ್ತಿ ಅವನ ಕನ್ನಡಕ ಹಾಕಿಕೊಂಡು ನೋಡುತ್ತಾಳೆ. ಬೋರ್ಡಿನ ಮೇಲೆ ನಿನ್ನೆಯ ಅಂಕೆ ಒರೆಸಿ ಇವತ್ತಿನದು ಬರೆಯುತ್ತಾಳೆ.