ಒಳಗೆ ಬಿಟ್ಟ ಬಟ್ಟೆ

ಆ ಬೀದಿಯಲ್ಲಿ ಟೇಲರಕ್ಕನ ಬಾಯಿಂದ ಸುಳ್ಳು ಕೇಳದವರಿಲ್ಲ. ಆದರೂ ಅವಳನ್ನು ಸುಳ್ಳಿ ಎಂದು ಯಾರೂ ಕರೆದಿಲ್ಲ. ಏಕೆಂದರೆ ಅವಳು ಹೇಳುತ್ತಿದ್ದದ್ದು ಒಂದೇ ಸುಳ್ಳು, ಅದೂ ಕೇಳುವವರ ಮಾನ ಉಳಿಸಲು. ಹೋದ ವರ್ಷ ಹೊಲಿಸಿದ ಪ್ಯಾಂಟು ಈ ವರ್ಷ ಸೊಂಟಕ್ಕೆ ಏರುತ್ತಿಲ್ಲವೆಂದು ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಬಂದರೆ, ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಒಗೆದು ಒಗೆದು ಬಟ್ಟೆ ಕುಗ್ಗಿದೆ, ಅಷ್ಟೇ. ನಾಳೆ ಬನ್ನಿ, ಬಿಚ್ಚಿ ಹೊಲಿದುಕೊಡ್ತೀನಿ" ಎನ್ನುತ್ತಿದ್ದಳು. ಬಂದವರು ಹೊಟ್ಟೆ ಮುಂದೆ ಮಾಡಿಕೊಂಡು ನೆಮ್ಮದಿಯಾಗಿ ಹೋಗುತ್ತಿದ್ದರು. ಕತ್ತರಿ ಹಾಕುವ ಮೊದಲು ಪ್ರತಿಯೊಂದು ಬಟ್ಟೆಯನ್ನೂ ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳುವ ಹೆಂಗಸು ಅವಳು. ಅವಳ ಅಂಗಡಿ ದಾಟಿದ ಬಟ್ಟೆ ಕುಗ್ಗುವ ಮಾತೇ ಇರಲಿಲ್ಲ. ಇದು ಗಿರಾಕಿಗಳಿಗೂ ಗೊತ್ತಿತ್ತು.

ಯಾರ ಮೈ ಯಾಕೆ ಊದಿತು, ಯಾಕೆ ಇಳಿಯಿತು ಎಂದು ಅವಳು ಜನ್ಮದಲ್ಲಿ ಕೇಳಿದವಳಲ್ಲ. ಮದುವೆ ಹತ್ತಿರವಾದಾಗ ಸೊಂಟ ಸಡಿಲಿಸಲು ಬಂದ ಹುಡುಗಿಯನ್ನೂ ಕೇಳಲಿಲ್ಲ, ಅಂಗಿ ದೊಗಳೆಯಾದ ಮೇಷ್ಟ್ರನ್ನೂ ಕೇಳಲಿಲ್ಲ. ಮೈ ಅವರದು, ಬಟ್ಟೆ ಮಾತ್ರ ತನ್ನದು ಎಂಬುದು ಅವಳ ಲೆಕ್ಕ. ಅದಕ್ಕೇ ಅವಳು ಹೊಲಿದದ್ದೆಲ್ಲದರ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಿದ್ದಳು, ಮುಂದೆ ಬಿಚ್ಚಬೇಕಾಗಿ ಬಂದರೆ ಇರಲಿ ಎಂದು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ, ಇವಳು ಹೊಲಿದ ಒಂದು ಅಂಗಿಯೊಳಗೆ ಇನ್ನೊಂದು ಅಂಗಿ ಇರುತ್ತದೆ ಎಂದು ಕಂಡಕಂಡವರ ಮುಂದೆ ತಮಾಷೆ ಮಾಡುತ್ತಿದ್ದ.

ಮನೆಯಲ್ಲಿ ಮೂರನೆಯ ಜೀವ ಬಾಬಿನ್. ಕಂದು ಬಣ್ಣದ, ಒಂದು ಕಿವಿ ಮಾತ್ರ ನೆಟ್ಟಗಿರುವ ನಾಯಿ. ಮರಿಯಾಗಿದ್ದಾಗ ಹೊಲಿಗೆ ಯಂತ್ರದ ಬಾಬಿನ್ ಒಂದನ್ನು ಕಚ್ಚಿಕೊಂಡು, ದಾರವನ್ನು ಅಂಗಡಿಯಿಂದ ಬೀದಿ ಕೊನೆಯವರೆಗೆ ಎಳೆದುಕೊಂಡು ಹೋದ ಸಾಧನೆಗೆ ಸಿಕ್ಕ ಹೆಸರು ಅದು. ಅವನನ್ನು 'ಅದು' ಎಂದವರಿಗೆ ಆ ಮನೆಯಲ್ಲಿ ಎರಡನೇ ಲೋಟ ಚಹಾ ಸಿಗುತ್ತಿರಲಿಲ್ಲ, ಹಾಗಾಗಿ ನಾವೂ 'ಅವನು' ಎನ್ನುವುದೇ ಕ್ಷೇಮ. ದಿನವಿಡೀ ಅವನು ಯಂತ್ರದ ಕೆಳಗೆ, ಅವಳ ಎಡಗಾಲಿಗೆ ಗಲ್ಲ ಆನಿಸಿ ಮಲಗಿರುತ್ತಿದ್ದ. ಚರ್ಮದ ಪಟ್ಟಿ ಕುತ್ತಿಗೆಯ ಕೂದಲು ತಿನ್ನುತ್ತದೆಂದು ಅವಳೇ ಕೋಟಿನ ಬಟ್ಟೆಯಲ್ಲಿ ನೀಲಿ ಪಟ್ಟಿಯೊಂದನ್ನು ಹೊಲಿದು, ತುದಿಗೆ ಹುಕ್ಕು ಹಾಕಿದ್ದಳು. ಅದರ ಒಳಗೂ ಬಟ್ಟೆ ಮಡಚಿ ಬಿಟ್ಟಿದ್ದಳು ಎಂದು ಬೇರೆ ಹೇಳಬೇಕೆ?

ಚಳಿ ಶುರುವಾಗುವ ಮೊದಲು ಆ ಪಟ್ಟಿ ಬಿಗಿಯಾಯಿತು. ಬಾಬಿನ್ ನೀರು ಕುಡಿಯುತ್ತಾ ಕೆಮ್ಮಿದಾಗ ಅವಳು ಬೆರಳು ತೂರಿಸಿ ನೋಡಿದಳು, ಬೆರಳು ಹೋಗಲಿಲ್ಲ. ಮೊನ್ನೆ ತಾನೇ ಪಟ್ಟಿ ಒಗೆದಿದ್ದಳು. "ಒಗೆದು ಕುಗ್ಗಿದೆ ಕಣೋ" ಎಂದು ಅವನಿಗೇ ಹೇಳಿ, ಹೊಲಿಗೆ ಬಿಚ್ಚಿ, ಹುಕ್ಕು ಹಿಂದಕ್ಕೆ ಸರಿಸಿ ಕೊಟ್ಟಳು. ಎಷ್ಟೋ ವರ್ಷ ಊರವರಿಗೆ ಹೇಳಿಕೊಂಡು ಬಂದ ಸುಳ್ಳನ್ನು ಆ ದಿನ ತಾನೇ ನಂಬಿದಳು ನೋಡಿ, ಪಾಪ.

ಸ್ವಲ್ಪ ದಿನಕ್ಕೆ ಮತ್ತೆ ಬಿಗಿಯಾಯಿತು. ಈ ಸಲ ತಪ್ಪನ್ನು ಬಟ್ಟೆಯ ಮೇಲೆ ಹಾಕಲು ಮನಸ್ಸು ಒಪ್ಪಲಿಲ್ಲ, ಗಂಡನ ಮೇಲೆ ಹಾಕಿದಳು. ಅವನು ಸಂಜೆ ಕೆಲಸದಿಂದ ಬಂದು ಚಹಾ ಕುಡಿಯುತ್ತಾ ಬಾಬಿನ್‌ಗೆ ಕದ್ದು ಬಿಸ್ಕತ್ತು ಹಾಕುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನನ್ನ ತಲೆಮೇಲೆ ಗೂಬೆ ಕೂರಿಸಬೇಡ ಎಂದು ಅವನು ರೇಗಿದ. ಆದರೆ ಒಳಗೊಳಗೇ ಅಳುಕಿ ಅವತ್ತಿನಿಂದ ಬಿಸ್ಕತ್ತು ನಿಲ್ಲಿಸಿದ. ಅವಳೂ ಬಟ್ಟಲಿನ ಊಟ ಕಡಿಮೆ ಮಾಡಿ, ಪಟ್ಟಿಯನ್ನು ಇನ್ನೊಂದು ಸಲ ಬಿಚ್ಚಿದಳು. ಬಾಬಿನ್ ಮಾತ್ರ ಸಂಜೆಯಾದರೆ ಗಂಡನ ಮುಂದೆ ಕುಳಿತು, ಅವನ ಕೈಯನ್ನೇ ನೋಡುತ್ತಿದ್ದ. ಗಂಡ ಚಹಾ ಲೋಟ ಹಿಡಿದುಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದ.

ಚಳಿ ಬಿದ್ದ ಮೇಲೆ ಅವಳು ಹೋದ ವರ್ಷ ಬಾಬಿನ್‌ಗೆಂದೇ ಹೊಲಿದ ಕೋಟು ತೆಗೆದಳು. ಹೊಟ್ಟೆಯ ಹತ್ತಿರ ಗುಂಡಿ ಹಾಕುವಾಗ ಬಟ್ಟೆ ದೊಗಳೆಯಾಗಿ ಜೋತುಬಿತ್ತು. ಎದೆಯ ಹತ್ತಿರವೂ ಅಷ್ಟೇ. ಬಾಬಿನ್ ಇಳಿದುಹೋಗಿದ್ದಾನೆ. ಪಥ್ಯ ಫಲ ಕೊಟ್ಟಿದೆ ಎಂದುಕೊಂಡು ಕೈ ಮೇಲಕ್ಕೆ ಒಯ್ದಾಗ ಪಟ್ಟಿ ತಗುಲಿತು. ಅದು ಬಿಗಿಯಾಗಿಯೇ ಇತ್ತು.

ಅವಳ ಕೈ ಅಲ್ಲೇ ನಿಂತಿತು. ದಪ್ಪವಾಗುವ ಮೈ ಎಲ್ಲ ಕಡೆಯೂ ದಪ್ಪವಾಗುತ್ತದೆ. ಸೊಂಟ ಇಳಿದು ಕುತ್ತಿಗೆಯೊಂದೇ ಬೆಳೆಯುವ ಮೈಗೆ ಅವಳು ಯಾವತ್ತೂ ಹೊಲಿದಿರಲಿಲ್ಲ. ಪಟ್ಟಿ ಬಿಚ್ಚಿಟ್ಟು ದವಡೆಯ ಕೆಳಗೆ ಬೆರಳಾಡಿಸಿದಳು. ಎರಡೂ ಕಡೆ ನಿಂಬೆಕಾಯಿಯಷ್ಟು ಗಟ್ಟಿಯಾದ ಗಂಟು. ಒತ್ತಿದರೂ ಬಾಬಿನ್ ನರಳಲಿಲ್ಲ, ಬಾಲ ಆಡಿಸಿದ. ಅಂಗಡಿಯ ಬಾಗಿಲು ಎಳೆದು, ಅವಳು ಗಂಡನಿಗೆ ಫೋನು ಮಾಡಿದಳು. ಇಬ್ಬರೂ ಬಾಬಿನ್‌ನನ್ನು ಪ್ರಾಣಿಗಳ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿನ ಡಾಕ್ಟರು ಅವರಿಗೆ ಮಗಳಾಗುವ ವಯಸ್ಸಿನ ಹುಡುಗಿ. ಮೇಜಿನ ಮೇಲೆ ಹತ್ತಿಸಿದರೆ ಹೆದರುತ್ತಾನೆಂದು ನೆಲದ ಮೇಲೇ ಕುಳಿತು ಅವನ ಮೈ ನೋಡಿದಳು. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ, ಎಲ್ಲೆಲ್ಲಿ ಒತ್ತಿದಳೋ ಅಲ್ಲೆಲ್ಲ ಗಂಟು ಸಿಕ್ಕಿತು. ಸೂಜಿಯಲ್ಲಿ ಒಂಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದಳು. ಆಮೇಲೆ, ಎಲ್ಲ ಡಾಕ್ಟರೂ ಕೇಳುವುದನ್ನೇ ಕೇಳಿದಳು. ಯಾವಾಗಿನಿಂದ ಇದೆ?

ಗಂಡ ಬಿಸ್ಕತ್ತಿನ ವಿಷಯ ಶುರುಮಾಡಿದ. ಟೇಲರಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು.

"ಇವರದ್ದೇನೂ ತಪ್ಪಿಲ್ಲ ಡಾಕ್ಟ್ರೇ. ಪಟ್ಟಿ ಎರಡು ಸಲ ಬಿಗಿಯಾಯ್ತು. ಎರಡು ಸಲಾನೂ ನಾನೇ ಬಿಚ್ಚಿ ಕೊಟ್ಟೆ. ಯಾಕೆ ಬಿಗಿಯಾಯ್ತು ಅಂತ ನೋಡ್ಲಿಲ್ಲ."

ಡಾಕ್ಟರು ಬಾಬಿನ್‌ನ ನೆಟ್ಟಗಿನ ಕಿವಿಯನ್ನು ಸವರುತ್ತಾ ಕುಳಿತಳು. ಇನ್ನೂ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು ಎಂದಳು. ಆದರೆ ಹೆಚ್ಚಿನವರು ನಾಯಿ ಊಟ ಬಿಟ್ಟು ಮೂಲೆ ಸೇರಿದ ಮೇಲೆ ಬರುತ್ತಾರೆ, ಇವನಿನ್ನೂ ಬಾಲ ಆಡಿಸುತ್ತಿದ್ದಾನೆ, ಅದು ಸಣ್ಣ ವಿಷಯವಲ್ಲ ಎಂದೂ ಹೇಳಿದಳು.

ಫಲಿತಾಂಶ ಬರುವವರೆಗೆ ಟೇಲರಕ್ಕ ಕೆಲಸ ಬಿಡಲಿಲ್ಲ, ಆದರೆ ಒಂದು ಕೋಟಿಗೆ ಎಡ ತೋಳನ್ನು ಬಲಕ್ಕೆ ಕೂರಿಸಿದಳು. ಅಷ್ಟು ವರ್ಷದಲ್ಲಿ ಅಂಥ ಎಡವಟ್ಟು ಅದೇ ಮೊದಲು. ಫಲಿತಾಂಶ ಬಂತು. ಕ್ಯಾನ್ಸರ್, ಮೈಯ ಗ್ರಂಥಿಗಳಿಗೆ ಹತ್ತುವ ಜಾತಿಯದು. ಪೂರ್ತಿ ವಾಸಿಯಾಗುತ್ತದೆಂದು ತಾನು ಹೇಳುವುದಿಲ್ಲ, ಔಷಧಿಗೆ ಬಗ್ಗುವ ಕಾಯಿಲೆ ಇದು, ಬಗ್ಗಿದರೆ ತಿಂಗಳುಗಟ್ಟಲೆ, ಅದೃಷ್ಟವಿದ್ದರೆ ಅದಕ್ಕೂ ಹೆಚ್ಚು, ಅವನು ಅವನಂತೆಯೇ ಇರುತ್ತಾನೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದಳು. ಮತ್ತೆ ಬಂದರೂ ಬರಬಹುದು, ಬಂದರೆ ಬೇಗ ತಿಳಿಯಬೇಕು ಅಂದಳು.

ಆಮೇಲೆ ವಾರ ವಾರ ಆಸ್ಪತ್ರೆ. ಮುಂಗಾಲಿನ ಕೂದಲು ಬೋಳಿಸಿ ನರಕ್ಕೆ ಔಷಧಿ ಕೊಡುತ್ತಿದ್ದರು. ಕೆಲವು ದಿನ ಬಾಬಿನ್ ತಿಂದದ್ದನ್ನೆಲ್ಲ ಕಕ್ಕಿ ಯಂತ್ರದ ಕೆಳಗೆ ಸುಮ್ಮನೆ ಬಿದ್ದಿರುತ್ತಿದ್ದ. ಔಷಧಿ ಅವನ ಉಚ್ಚೆಯಲ್ಲೂ ಇಳಿಯುವುದರಿಂದ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದಿದ್ದರು. ಲಿಫ್ಟಿನ ಗ್ರೀಸು ಒರೆಸಿದ ಕೈಗೆ ಗಂಡ ರಬ್ಬರ್ ಗವಸು ಹಾಕಿಕೊಂಡು, ಗೊಣಗದೆ ಅಂಗಳ ತೊಳೆದ. ಅವಳು ಅವನ ಮೇಲೆ ಕೂರಿಸಿದ ಗೂಬೆಯ ಬಗ್ಗೆ ಅವನು ಒಂದು ದಿನವೂ ಎತ್ತಿ ಆಡಲಿಲ್ಲ. ಅಷ್ಟನ್ನೂ ಹೊಟ್ಟೆಗೆ ಹಾಕಿಕೊಂಡ, ಒಳ್ಳೆಯ ಮನುಷ್ಯ.

ಗಂಟು ಕರಗತೊಡಗಿತು. ಚಳಿ ಮುಗಿಯುವ ಹೊತ್ತಿಗೆ ಡಾಕ್ಟರ ಬೆರಳಿಗೂ ಸಿಗದಷ್ಟು ಕರಗಿತು. ಬಾಬಿನ್ ಮತ್ತೆ ದಾರದ ಉಂಡೆ ಕದಿಯತೊಡಗಿದ. ನೀಲಿ ಪಟ್ಟಿ ಕುತ್ತಿಗೆಯಲ್ಲಿ ಮಾಲೆಯಂತೆ ಜೋಲಾಡುತ್ತಿತ್ತು.

ಒಂದು ಸಂಜೆ ಟೇಲರಕ್ಕ ಆ ಪಟ್ಟಿ ಬಿಚ್ಚಿ ಯಂತ್ರದ ಮೇಲೆ ಹರಡಿದಳು. ಹಳೆಯ ಹೊಲಿಗೆಯ ಸೂಜಿಗುರುತು ಸಾಲಾಗಿ ಕಾಣುತ್ತಿತ್ತು. ಮೊದಲಿನ ಗುರುತಿನ ಮೇಲೇ ಹುಕ್ಕು ತಂದು ಕೂರಿಸಿದಳು. ಉಳಿದ ಬಟ್ಟೆಯನ್ನು ಎಂದಿನಂತೆ ಒಳಕ್ಕೆ ಮಡಚಿದಳು, ಮತ್ತೆ ಬಿಡಿಸಿದಳು, ಕತ್ತರಿ ತೆಗೆದುಕೊಂಡು ಅಷ್ಟನ್ನೂ ಕತ್ತರಿಸಿ ಹಾಕಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಂಡನಿಗೆ ಆಶ್ಚರ್ಯವಾಯಿತು.

"ನಾಳೆ ಬಿಗಿಯಾದ್ರೆ ಬಿಚ್ಚೋಕೆ ಏನೂ ಇಲ್ವಲ್ಲೇ?"

"ಇರಬಾರ್ದು ಅಂತಾನೇ ಕತ್ತರಿಸಿದ್ದು."

"ಹಂಗಾದ್ರೆ ಹೊಸದು ಹೊಲಿಬೇಕಾಗುತ್ತೆ."

"ಹೊಸದು ಹೊಲಿಯೋಕೆ ಅಳತೆ ತಗೋಬೇಕು ರೀ. ಅವನ ಕುತ್ತಿಗೆ ಮುಟ್ಟಬೇಕು. ಬಿಚ್ಚೋಕೆ ಅದ್ಯಾವುದೂ ಬೇಡ."

ಅವಳು ಪಟ್ಟಿ ಹಾಕಿದ ಮೇಲೆ ಗಂಡ ನೆಲಕ್ಕೆ ಕುಳಿತು, ಅದರೊಳಗೆ ಬೆರಳು ತೂರಿಸಿ, ದವಡೆಯ ಕೆಳಗೆ ಎರಡೂ ಕಡೆ ನಿಧಾನವಾಗಿ ಒತ್ತಿ ನೋಡಿದ. ಏನೂ ಸಿಗಲಿಲ್ಲ. ಬಾಬಿನ್ ಆ ಕೈಯನ್ನು ಮೂಸಿ, ಅದರಲ್ಲಿ ಬೇರೇನೋ ಇರಬೇಕಿತ್ತು ಎಂಬಂತೆ ಅವನ ಮುಖ ನೋಡಿದ. ಗಂಡ ಜೇಬಿನಿಂದ ಬಿಸ್ಕತ್ತು ತೆಗೆದು, ಈ ಸಲ ಹೆಂಡತಿಯ ಎದುರಿಗೇ ಕೊಟ್ಟ.