ಹಾವುಮೀನಿನ ಜಪಾನ್ ರೇಟು

ಬನ್ನಿಮಂಟಪದ ರಸ್ತೆ ಬದಿಯಲ್ಲಿ ಹೊಳೆಮೀನು ಮಾರುವ ಚಾಮುಂಡೇಶ್ವರಿಗೆ ಹತ್ತೊಂಬತ್ತು ವರ್ಷದಿಂದ ಮೀನು ತಂದುಕೊಡುವವನು ಸಣ್ಣಯ್ಯ ಒಬ್ಬನೇ. ಕಬಿನಿ ಹಿನ್ನೀರಿನಲ್ಲಿ ಬಲೆ ಬಿಡುತ್ತಾನೆ, ಬೆಳಿಗ್ಗೆ ಬುಟ್ಟಿ ಇಳಿಸಿ ಟೀ ಕುಡಿದು ಹೋಗುತ್ತಾನೆ. ಅವನು ತೂಗಿ ಕೊಟ್ಟವನಲ್ಲ, ಇವಳು ತೂಗಿ ಇಳಿಸಿಕೊಂಡವಳಲ್ಲ. ತಕ್ಕಡಿ ಏನಿದ್ದರೂ ಗಿರಾಕಿಗೆ. ಸಂಜೆ ಆದ ವ್ಯಾಪಾರದಲ್ಲಿ ಮೂರರಲ್ಲಿ ಎರಡು ಪಾಲು ಅವನದು. ವ್ಯಾಪಾರ ಎಷ್ಟಾಯಿತೆಂದು ಇವಳು ಹೇಳಿದ್ದೇ ಲೆಕ್ಕ.

ಕೆಟ್ಟಿದ್ದು ವಸಂತನ ಮೊಬೈಲಿನಿಂದ. ಅವನು ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಜಪಾನಿನವರ ಮನೆಯ ಅಡುಗೆಯವನು. ವಾರಕ್ಕೊಂದು ಹಾವುಮೀನು ಒಯ್ಯುತ್ತಾನೆ.

"ಹೊಳೇಲಿ ಹಿಡಿದ ಹಾವುಮೀನು ಜಪಾನಲ್ಲಿ ಕೆಜಿಗೆ ಏಳು ಸಾವಿರ ತೋರಿಸ್ತಿದೆ ಆಂಟಿ. ಕೊರಿಯಾದಲ್ಲಿ ನಾಲ್ಕು. ನಿಮ್ಮತ್ರ ಬರೀ ನಾನೂರು!" ಎಂದು ಹಲ್ಲು ಕಿರಿದ.

ತಲೆಗೆ ಹುಳ ಬಿಟ್ಟು ಹೋದ, ಪುಣ್ಯಾತ್ಮ. ಜಪಾನಿನವರ ಮನೆಗೇ ಅಲ್ಲವೇ ಇವನು ಒಯ್ಯುವುದು? ಅಲ್ಲಿ ಎಷ್ಟಕ್ಕೆ ಕೊಡುತ್ತಾನೋ! ಮೊದಲು ಬುಟ್ಟಿಯಲ್ಲಿ ನಾಲ್ಕೈದು ಹಾವುಮೀನು ಇರುತ್ತಿದ್ದವು, ಈಗ ಒಂದೋ ಎರಡೋ. ಉಳಿದದ್ದನ್ನು ಸಣ್ಣಯ್ಯ ನೇರವಾಗಿ ಗೋಕುಲಂನಲ್ಲೇ ಇಳಿಸಿ ಬರುತ್ತಿರಬೇಕು, ಕಳ್ಳ! ಟೀ ಕುಡಿಯುವಾಗ ಅವನು ಸುಮ್ಮನಿದ್ದರೂ ಅನುಮಾನ, ನಕ್ಕರೂ ಅನುಮಾನ.

ಶುಕ್ರವಾರ ಅವಳಿಂದ ತಡೆಯಲಾಗಲಿಲ್ಲ. ಅವನು ಬುಟ್ಟಿ ಇಳಿಸುತ್ತಿದ್ದಂತೆಯೇ ಎತ್ತಿ ತಕ್ಕಡಿಗಿಟ್ಟಳು.

"ಇದೇನಕ್ಕ?"

"ಎಷ್ಟು ತರ್ತೀಯ ಅಂತ ಗೊತ್ತಾಗ್ಲಿ ಕಣೋ. ಹಾವುಮೀನೆಲ್ಲ ಎಲ್ಲೋಯ್ತವೆ?"

"ಹೊಳೆ ತುಂಬೈತೆ ಅಕ್ಕ, ಬಲೆಗೆ ಬೀಳ್ತಿಲ್ಲ," ಎಂದವನು ಟೀ ಕುಡಿಯದೆ ಹೋದ.

ಮಧ್ಯಾಹ್ನ ವಸಂತ ಬಂದಾಗ ಅವನನ್ನೂ ಝಾಡಿಸಿದಳು.

"ಅಯ್ಯೋ ಆಂಟಿ! ಮೀನು ವಾಸನೆ ಬಂದ್ರೆ ಅವ್ರು ಮನೆ ಕಿಟಕಿ ಎಲ್ಲ ತೆಗೀತಾರೆ. ಬರೀ ಸೊಪ್ಪು ತಿನ್ನೋರು. ಆ ರೇಟು ಅಲ್ಲಿನ ಜಾತಿ ಹಾವುಮೀನಿಂದು, ನಮ್ಮದಲ್ಲ. ನಾನು ಒಯ್ಯೋದು ನಮ್ಮಪ್ಪಂಗೆ ಕಣ್ರೀ."

ಚಾಮುಂಡೇಶ್ವರಿಗೆ ಭೂಮಿಗಿಳಿದು ಹೋದಂತಾಯಿತು. ಸಂಜೆ ಎಷ್ಟು ಮಾರಾಟವಾಯಿತೆಂದು ಸಣ್ಣಯ್ಯ ಈವರೆಗೆ ಒಂದು ದಿನವೂ ಕೇಳಿದವನಲ್ಲ. ವ್ಯಾಪಾರ ಜೋರಾದ ದಿನ ಅವಳು ನೂರಿನ್ನೂರು ಲೆಕ್ಕ ಹೇಳದೆ ಸೆರಗಿಗೆ ಕಟ್ಟಿಕೊಂಡದ್ದೂ ಉಂಟು. ನಾಳೆ ಅವನು ಬಂದರೆ ಸಾಕು, ತಪ್ಪಾಯ್ತು ಅಂದುಬಿಡಬೇಕು ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಬಂದ. ಬುಟ್ಟಿಯ ಪಕ್ಕದಲ್ಲಿ ಒಂದು ಹೊಸ ತಕ್ಕಡಿ ಇಳಿಸಿದ.

"ಸಣ್ಣಯ್ಯ, ಅದು ಬುಡು, ಮೊದ್ಲು ಟೀ ಕುಡಿ," ಎಂದಳು.

"ತೂಗಿ ಬರ್ಕೊಳಕ್ಕ," ಎಂದ ಅವನು. "ಸಂಜೆ ಮಿಕ್ಕಿದ್ ಮೀನ ನಾನೂ ತೂಗ್ತೀನಿ."