ಎಣ್ಣೆ ಇತ್ತು, ಹೊಗೆ ಇರಲಿಲ್ಲ

ಸಿಂಧನೂರಿನಿಂದ ಗುರುಗುಂಟಾಕ್ಕೆ ಬಸ್ಸಿನಲ್ಲಿ ಹೋಗುವುದಾದರೆ ಲಿಂಗಸೂಗೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಮದುವೆಯಾದಾಗಿನಿಂದ ನಾನು ಮಾವನ ಮನೆಗೆ ಹಾಗೇ ಹೋಗಿ ಬಂದವನು. ಈ ಸಲ, ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ನಮ್ಮದೇ ಕಾರಿನಲ್ಲಿ ಹೊರಟೆವು. ನಮ್ಮದು ಅನ್ನುವುದು ಬಾಯಿಮಾತು. ಅದು ನನ್ನ ಹೆಂಡತಿ ಶಿವಲೀಲಾಳದು. ಬಳಗಾನೂರಿನ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುವ ಅವಳು ತನ್ನ ಸಂಬಳದಲ್ಲಿ ಕೊಂಡ ಹಳೆಯ ಡೀಸೆಲ್ ಕಾರು, ಓಡಿಸುವವಳೂ ಅವಳೇ. ನನಗೆ ಸೈಕಲ್ಲಿನಾಚೆ ಯಾವ ವಾಹನವೂ ಒಲಿಯಲಿಲ್ಲ. ಪಕ್ಕದಲ್ಲಿ ಕೂತು ದಾರಿ ಹೇಳುವುದು ನನ್ನ ಕೆಲಸ, ಆ ದಾರಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಹೊರಟದ್ದು ಅತ್ತೆಯನ್ನು ಕರೆತರಲು. ಮರುದಿನ ಸಿಂಧನೂರಿನಲ್ಲಿ ಅವರ ಕಣ್ಣಿನ ಪೊರೆ ತೆಗೆಸುವುದಿತ್ತು. ಆದರೆ ಮಾವನವರು ಹಟ ಹಿಡಿದಿದ್ದರು. ಮಗಳು ಓಡಿಸುವ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸುವುದಿಲ್ಲವೆಂದು ಊರಿನ ಬಾಡಿಗೆ ಜೀಪಿಗೆ ಮಧ್ಯಾಹ್ನ ಬರಲು ಹೇಳಿಟ್ಟಿದ್ದರು. ಶಿವಲೀಲಾ ಫೋನಿನಲ್ಲಿ ಜಗಳವಾಡಲಿಲ್ಲ. "ನನ್ನ ಗಾಡಿ ನಿನ್ನ ಬಾಗಲಿಗೆ ಬಂದು ನಿಂದ್ರಲಿ ಯಪ್ಪಾ, ಆಮ್ಯಾಲ ಮಾತಾಡು" ಅಂದಳು ಅಷ್ಟೇ. ಆ ಮಾತು ಉಳಿಯಬೇಕಾದರೆ ಜೀಪು ಹೊರಡುವುದರೊಳಗೆ ನಾವು ಮುಟ್ಟಬೇಕಿತ್ತು.

ಬೆಳಗಿನ ಚಳಿ ಹಿತವಾಗಿತ್ತು. ರಸ್ತೆಯ ಎರಡೂ ಬದಿ ಭತ್ತ ಕೊಯ್ಲಿಗೆ ಬಂದು ಹೊಂಬಣ್ಣಕ್ಕೆ ತಿರುಗಿತ್ತು; ಕೆಲವು ಕಡೆ ರಸ್ತೆಯ ಅಂಚಿನಲ್ಲೇ ರಾಶಿ ಹರವಿದ್ದರು. ಮಸ್ಕಿ ಮೂವತ್ತು ಕಿಲೋಮೀಟರಿನಷ್ಟು. ಅಲ್ಲಿ ಕಾರು ನಿಲ್ಲಿಸಿ ಒಗ್ಗರಣೆ-ಮಿರ್ಚಿ ತಿಂದೆವು. ಮಂಡಕ್ಕಿ ಒಗ್ಗರಣೆಯ ಜೊತೆ ಬಿಸಿ ಮಿರ್ಚಿ ಕಚ್ಚದೆ ನಮ್ಮ ಕಡೆ ಯಾವ ಪ್ರಯಾಣವೂ ಶುರುವಾಗುವುದಿಲ್ಲ. ಹೋಟೆಲಿನವನು ಕಾರಿನಿಂದ ಯಾರು ಯಾವ ಬಾಗಿಲಿನಿಂದ ಇಳಿದರೆಂದು ನೋಡಿ, ಚಹಾ ಮೊದಲು ಅವಳಿಗೆ ಕೊಟ್ಟು, ನನಗೆ ತಡವಾಗಿ ಕೊಟ್ಟ.

ಮಸ್ಕಿ ದಾಟಿದ ಮೇಲೆ ಗದ್ದೆಗಳು ಹಿಂದೆ ಸರಿದು ತೊಗರಿ, ಜೋಳದ ಹೊಲಗಳು ಬಂದವು. ನಮ್ಮ ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಹೊರಟಿತ್ತು. ಶಿವಲೀಲಾ ಹಾರ್ನ್ ಮಾಡಿ ಮುಂದೆ ಹೋಗಲು ಬಲಕ್ಕೆ ಬಂದಳು. ಅಷ್ಟರಲ್ಲಿ ಟ್ರ್ಯಾಕ್ಟರು ಯಾವ ಸೂಚನೆಯೂ ಇಲ್ಲದೆ ಬಲಗಡೆಯ ಹೊಲದ ದಾರಿಗೆ ತಿರುಗಿತು. ಅವಳು ಬ್ರೇಕು ಒತ್ತಿ ಕಾರನ್ನು ಎಡಕ್ಕೆ ಎಳೆದಳು. ಟ್ರ್ಯಾಕ್ಟರು ತಪ್ಪಿತು. ಆದರೆ ನಾವು ರಸ್ತೆ ಬಿಟ್ಟು ಇಳಿದು, ಅಲ್ಲಿದ್ದ ಗಡಿಕಲ್ಲಿಗೆ ಗುದ್ದಿ ನಿಂತೆವು. ಒಂದು ದೀಪ ಒಡೆಯಿತು, ಬಂಪರು ಒಳಗೆ ಹೋಯಿತು, ಎಂಜಿನ್ನು ನಿಂತಿತು. ದೇವರ ದಯೆ, ನಮ್ಮಿಬ್ಬರಿಗೂ ಬೆಲ್ಟಿನ ತರಚು ಬಿಟ್ಟರೆ ಏನೂ ಆಗಲಿಲ್ಲ.

ನಾನು ಇನ್ನೂ ಬೆಲ್ಟು ಬಿಚ್ಚುತ್ತಿದ್ದೆ. ಅವಳಾಗಲೇ ಕೀಲಿ ತಿರುವಿದ್ದಳು. ಎಂಜಿನ್ನು ಗರಗರ ತಿರುಗಿತು, ಹತ್ತಲಿಲ್ಲ. ಮತ್ತೊಮ್ಮೆ ತಿರುವಿದಳು, ಆಗಲೂ ಅಷ್ಟೇ.

ಟ್ರ್ಯಾಕ್ಟರು ಓಡಿಸುತ್ತಿದ್ದ ಹುಸೇನಪ್ಪ ಎಂಬವನು ಇಳಿದು ಓಡಿ ಬಂದ. ಹೊಲದಲ್ಲಿದ್ದವರು, ಬೈಕಿನಲ್ಲಿ ಹೊರಟವರು ಎಲ್ಲ ಸೇರಿದರು. ನಮ್ಮ ಸೀಮೆಯಲ್ಲಿ ಗಾಡಿ ಗುದ್ದಿದರೆ ಜನ ಮೊದಲು ಕೇಳುವುದು ಯಾರು ಕುಡಿದಿದ್ದರು ಎಂದು. ಹುಸೇನಪ್ಪನೂ ಏದುಸಿರು ಬಿಡುತ್ತ ನನ್ನನ್ನು, "ಎಣ್ಣಿ ಐತೇನ್ರಿ?" ಎಂದು ಕೇಳಿದ. ನನ್ನ ಪಿತ್ತ ನೆತ್ತಿಗೇರಿತು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಮರ್ಯಾದಸ್ಥ ನಾನು, ನಮ್ಮ ಮನೆತನದಲ್ಲೇ ಯಾರೂ ಎಣ್ಣೆ ಮುಟ್ಟಿದವರಲ್ಲ, ಸೂಚನೆ ಇಲ್ಲದೆ ತಿರುಗಿದ ನೀನೇ ಬಾಯಿ ಮೂಸಿಸು ಎಂದು ಒಂದು ಭಾಷಣವನ್ನೇ ಮಾಡಿದೆ. ಹುಸೇನಪ್ಪ ಕಣ್ಣು ಪಿಳಿಪಿಳಿ ಬಿಟ್ಟ. ಕಾರಿನೊಳಗಿಂದ ಶಿವಲೀಲಾ ತಲೆ ಹೊರಗೆ ಹಾಕಿ ಹೇಳಿದಳು: "ರೀ, ಅಂವ ಡೀಸೆಲ್ ಕೇಳಾಕತ್ತಾನ."

ಜನ ಹೊಟ್ಟೆ ಹಿಡಿದು ನಕ್ಕರು. ಅದರಿಂದ ಒಂದು ಲಾಭವಾಯಿತು, ಆಗಬಹುದಾಗಿದ್ದ ಜಗಳ ಆಗಲಿಲ್ಲ. ಹುಸೇನಪ್ಪ ತನ್ನದೇ ತಪ್ಪೆಂದು ಒಪ್ಪಿ ಕೈ ಮುಗಿದ. ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿತ್ತು, ಎಣ್ಣೆಯೇನೋ ಇತ್ತು. ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಬ್ಯಾಟರಿ ಹೋಗಿದೆ ಎಂದ ಒಬ್ಬ, ದಬ್ಬೋಣ ಎಂದರು ನಾಲ್ವರು. ದಬ್ಬಿಯೂ ದಬ್ಬಿದರು, ಕಾರು ರಸ್ತೆಗೆ ಬಂತು, ಎಂಜಿನ್ನು ಮಾತ್ರ ಹತ್ತಲಿಲ್ಲ. ಕೊನೆಗೆ ಹುಸೇನಪ್ಪ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಲಿಂಗಸೂಗೂರಿನ ಗ್ಯಾರೇಜಿಗೆ ಮುಟ್ಟಿಸುತ್ತೇನೆ ಎಂದ. ನಾನು ಒಪ್ಪಿಯೇ ಬಿಟ್ಟಿದ್ದೆ.

"ಹಗ್ಗ ಬ್ಯಾಡ" ಅಂದಳು ಶಿವಲೀಲಾ. "ನೀವು ಹಿಂದ ಹೋಗಿ ನಿಂದರ್ರಿ. ನಾ ಸೆಲ್ಫ್ ಹೊಡೀತೀನಿ, ಹೊಗಿ ಬರತೈತೇನು ನೋಡ್ರಿ."

ಹೋಗಿ ಬಗ್ಗಿ ನೋಡಿದೆ. ಎಂಜಿನ್ನು ತಿರುಗಿತು. ಹಿಂದಿನ ಹೊಗೆಕೊಳವೆಯಿಂದ ಕಪ್ಪು ಹೊಗೆಯೂ ಇಲ್ಲ, ಬಿಳಿಯದೂ ಇಲ್ಲ. ಇಲ್ಲವೆಂದು ಕೂಗಿದೆ. ಬ್ಯಾಟರಿ ಸತ್ತಿದ್ದರೆ ಎಂಜಿನ್ನು ತಿರುಗುತ್ತಲೇ ಇರಲಿಲ್ಲ, ಎಣ್ಣೆ ಹೋಗುತ್ತಿದ್ದರೆ ಸ್ವಲ್ಪವಾದರೂ ಹೊಗೆ ಬರಬೇಕಿತ್ತು, ಅಂದರೆ ಟ್ಯಾಂಕಿನಲ್ಲಿರುವ ಎಣ್ಣೆ ಎಂಜಿನ್ನಿಗೆ ಮುಟ್ಟುತ್ತಿಲ್ಲ ಎಂದು ಅವಳು ಶಾಲೆಯ ಮಕ್ಕಳಿಗೆ ಹೇಳುವಂತೆ ಅಲ್ಲಿದ್ದವರಿಗೆಲ್ಲ ಬಿಡಿಸಿ ಹೇಳಿದಳು. ಎಣ್ಣೆಯ ಕೊಳವೆ ಒಡೆದು ಸೋರುತ್ತಿದೆಯೇ ಎಂದು ನೆಲಕ್ಕೆ ಮಲಗಿ ಕಾರಿನ ಕೆಳಗೆ ನೋಡಿದಳು. ಎಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ, ವಾಸನೆಯೂ ಇರಲಿಲ್ಲ.

ಸೀರೆಯ ಮಣ್ಣು ಕೊಡವಿಕೊಂಡು ಎದ್ದಳು. ಆಮೇಲೆ ನಾನು ಕೂರುವ ಕಡೆಯ ಬಾಗಿಲು ತೆಗೆದು, ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ಕಿನೊಳಗೆ ಕೈ ಹಾಕಿದಳು. ಅಲ್ಲೊಂದು ಗುಂಡಿ ಇದೆ. ಗಾಡಿಗೆ ಜೋರು ಪೆಟ್ಟು ಬಿದ್ದರೆ ಬೆಂಕಿ ಹತ್ತದಿರಲೆಂದು ಅದು ತಾನೇ ಮೇಲೆದ್ದು ಎಣ್ಣೆ ನಿಲ್ಲಿಸುತ್ತದೆ. ಕಾರು ಕೊಳ್ಳುವ ದಿನ ಇವಳು ಒಂದೊಂದು ಗುಂಡಿಯ ಕೆಲಸವನ್ನೂ ಕೇಳಿ ಕೇಳಿ ಮಾರುವವನ ಜೀವ ತಿಂದಿದ್ದಳು. ಊಟದ ಹೊತ್ತು ಮೀರಿತೆಂದು ನಾನು ಗೊಣಗಿದ್ದೆ. ಗುಂಡಿ ಮೇಲೆದ್ದಿತ್ತು. ಒತ್ತಿದಳು. ಕೀಲಿ ತಿರುವಿ, ತುಸು ಕಾದು, ಸೆಲ್ಫ್ ಹೊಡೆದಳು. ಎರಡನೆಯ ಸಲಕ್ಕೆ ಎಂಜಿನ್ನು ಹತ್ತಿತು, ಹಿಂದಿನಿಂದ ಭುಸ್ಸೆಂದು ಹೊಗೆ ಬಂತು. ಆ ಹೊಗೆ ನನ್ನ ಮೂಗಿಗೆ ಊದಿನಕಡ್ಡಿಗಿಂತ ಹಿತವಾಗಿತ್ತು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಯಾರೂ ಕೇಳದಿದ್ದರೂ, ಈಕೆ ನನ್ನ ಹೆಂಡತಿ ಎಂದು ಪಕ್ಕದವನಿಗೆ ಹೇಳಿದೆ.

ಗಾಲಿಗೆ ತಾಗುತ್ತಿದ್ದ ಬಂಪರನ್ನು ಹುಸೇನಪ್ಪ ಕೈಯಿಂದ ಜಗ್ಗಿ ಸರಿಮಾಡಿದ. ನಿಧಾನವಾಗಿ ಹೊರಟೆವು. ಲಿಂಗಸೂಗೂರಿನಲ್ಲಿ ಬ್ರೇಕು, ಗಾಲಿ ತೋರಿಸಿಕೊಂಡು ಗುರುಗುಂಟಾ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಜೀಪು ಮನೆಯೆದುರು ನಿಂತಿತ್ತು.

ಮಾವನವರು ಕಾರಿನ ಸುತ್ತ ಒಂದು ಸುತ್ತು ಹಾಕಿ ಒಡೆದ ದೀಪದೆದುರು ನಿಂತರು. ಶಿವಲೀಲಾ ಏನನ್ನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದಳು. ಹೊಗೆ ನೋಡಬೇಕೆಂದು ಯಾರು ಹೇಳಿಕೊಟ್ಟರು ಎಂದು ಕೇಳಿದರು ಅವರು.

"ನೀನ ಯಪ್ಪಾ. ಟ್ರ್ಯಾಕ್ಟರ್ ಚಾಲು ಆಗದಾಗ ಅಣ್ಣನ್ನ ಮ್ಯಾಲ ಕುಂದ್ರಸತಿದ್ದಿ, ನನ್ನ ಹೊಗಿ ನೋಡಾಕ ಹಿಂದ ನಿಂದ್ರಸತಿದ್ದಿ."

ಮಾವನವರು ಜೀಪಿನವನ ಬಳಿ ಹೋಗಿ ಹೆಗಲ ಮೇಲೆ ಕೈಯಿಟ್ಟು, "ನೀ ಹೋಗಪಾ. ನಮ್ಮ ಗಾಡಿ ಬಂದೈತಿ" ಅಂದರು. ಅತ್ತೆ ಅಷ್ಟರಲ್ಲೇ ಗಂಟುಮೂಟೆ ಸಮೇತ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ನಾನೂ ಮಾವನವರೂ ಹಿಂದೆ ಕೂತೆವು.

ಊಟದ ಬುತ್ತಿ ಕಟ್ಟಿಕೊಂಡು ಹೊರಟೆವು. ಬಸ್ ನಿಲ್ದಾಣದ ಎದುರು, ಜನ ತುಂಬಿದ್ದ ಕಡೆ, ಎಲೆ-ಅಡಿಕೆ ಬೇಕೆಂದು ಮಾವನವರು ಕಾರು ನಿಲ್ಲಿಸಲು ಹೇಳಿದರು. ಇಳಿಯಲಿಲ್ಲ. ಗಾಜು ಇಳಿಸಿ ಅಂಗಡಿಯವನನ್ನು ಹೆಸರು ಹಿಡಿದು ಕರೆದರು, ಸಿಂಧನೂರಿಗೆ ಹೊರಟಿದ್ದೇವೆ ಎಂದರು. ಅಂಗಡಿಯವನು ಎಲೆ-ಅಡಿಕೆ ಹಿಡಿದು ಬಂದು ಕಾರಿನೊಳಗೆ ಬಗ್ಗಿ ನೋಡಿದ. "ಗಾಡಿ ಮಗಳು ಹೊಡ್ಯಾಕತ್ತಾಳ" ಅಂದರು ಮಾವನವರು, ಅಂಗಡಿಯ ಕಟ್ಟೆಯವರೆಗೂ ಕೇಳುವಂತೆ. ಹಲ್ಲು ಬಿದ್ದಾಗಿನಿಂದ ಅವರು ಎಲೆ-ಅಡಿಕೆ ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ.